ಮೊಲ ಇನ್ನೂ ಕಲಿತಿಲ್ಲ

ಲಾಂಡ್ರಿಯವನು ಮೊಲವನ್ನು ಮನೆಗೆ ಬಿಟ್ಟುಕೊಂಡದ್ದು ಮೊಲದ ಮೇಲಿನ ಪ್ರೀತಿಯಿಂದಲ್ಲ. ನಾಲ್ಕು ಕಾಲಿನ ಯಾವ ಪ್ರಾಣಿಯನ್ನು ಕಂಡರೂ ಅವನಿಗೆ ಮೊದಲು ಕಾಣುವುದು ಅದರ ಕೂದಲು. ಕಪ್ಪು ಕೋಟಿಗೆ ಅಂಟಿದರೆ ಬಿಡಿಸಲು ಎಷ್ಟು ಹೊತ್ತು ಹಿಡಿದೀತು ಎಂಬ ಚಿಂತೆ. ಅವನಿಗೆ ಬೇಕಾಗಿದ್ದದ್ದು ಮಗಳು. ಮೊಲ ಇಲ್ಲಿದ್ದರೆ ಅದನ್ನು ನೋಡಲಿಕ್ಕಾದರೂ ಮಗಳು ಬರುತ್ತಾಳಲ್ಲ ಎಂದುಕೊಂಡು ಹೂಂ ಅಂದಿದ್ದ.

ಮಗಳಿಗೆ ಹನ್ನೊಂದು ವರ್ಷ. ತಾಯಿಯ ಜೊತೆ ಊರಿನ ಇನ್ನೊಂದು ತುದಿಯಲ್ಲಿ, ಒಂದು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದಾಳೆ. ಶಾಲೆಯ ಗೆಳತಿಯ ಮನೆಯಲ್ಲಿ ಮೊಲ ಮರಿ ಹಾಕಿ, ಆ ಮನೆಯವರು ಬೇಕೆಂದವರಿಗೂ ಬೇಡವೆಂದವರಿಗೂ ಮರಿ ಹಂಚುತ್ತಾ ಬಂದಾಗ ಇವಳ ಪಾಲಿಗೂ ಒಂದು ಬಂತು. ಆದರೆ ಆ ಬಾಡಿಗೆ ಮನೆಯ ನೆಲ ಮರದ್ದು, ಮಾಲೀಕನಿಗೆ ಆ ನೆಲವೆಂದರೆ ಪ್ರಾಣ. ಒಂದು ತೊಟ್ಟು ಉಚ್ಚೆ ಬಿದ್ದರೂ ಮೊಲದ ಜೊತೆ ನೀವೂ ಗಂಟುಮೂಟೆ ಕಟ್ಟಿ ಎಂದುಬಿಟ್ಟ. ಮಗಳ ಮುಖ ನೋಡಲಾರದೆ ತಾಯಿಯೇ ಒಂದು ದಾರಿ ಹುಡುಕಿದಳು. ಒಂದೇ ಕಡೆ, ಟ್ರೇಯಲ್ಲಿ ಮಾತ್ರ ಮಾಡುವುದನ್ನು ಕಲಿಯುವವರೆಗೆ ಮೊಲ ಅಪ್ಪನ ಮನೆಯಲ್ಲಿರಲಿ, ಕಲಿತ ಮೇಲೆ ಇಲ್ಲಿಗೆ ತರೋಣ. ಅಪ್ಪನ ಮನೆಯಲ್ಲಿರುವುದು ಹಾಸುಗಲ್ಲು, ಮೇಲಾಗಿ ಕೊಳೆ ತೆಗೆಯುವುದೇ ಅವನ ಕಸುಬು.

ಮೊಲ ಬರುವ ಮುಂಚೆ ಮಗಳು ಬರುತ್ತಿದ್ದದ್ದು ತಿಂಗಳಿಗೊಮ್ಮೆ, ಅದೂ ತಾಯಿಗೆ ಎಲ್ಲಾದರೂ ಹೋಗುವುದಿದ್ದಾಗ. ಅವನ ಮನೆಯೆಂದರೆ ಅಂಗಡಿಯ ಹಿಂದಿನ ಎರಡು ಕೋಣೆ. ಮೊದಲನೆಯದರಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದಳು. ಬಟ್ಟೆ ತಯಾರಾಗಲಿ ಎಂದು ಕಾಯುವ ಗಿರಾಕಿಗಳು ಹಾಗೇ ಕೂರುವುದು. ಅಪ್ಪ ಊಟ ಆಯಿತಾ ಎಂದು ಕೇಳುತ್ತಿದ್ದ, ಆಯಿತು ಅನ್ನುತ್ತಿದ್ದಳು. ಶಾಲೆ ಹೇಗಿದೆ ಎಂದರೆ ಚೆನ್ನಾಗಿದೆ ಅನ್ನುತ್ತಿದ್ದಳು. ಅಲ್ಲಿಗೆ ಇಬ್ಬರ ಸರಕೂ ಮುಗಿದು, ಗೋಡೆಯಾಚೆಯ ಒಗೆಯುವ ಮಿಷನ್ನೊಂದೇ ಮಾತಾಡುತ್ತಿತ್ತು.

ಅವನಿಗೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಬಾಯಿ ಇರಲಿಲ್ಲ, ಅಷ್ಟೆ. ಹೆಂಡತಿ ಮನೆ ಬಿಟ್ಟು ಹೋಗುತ್ತೇನೆ ಎಂದ ದಿನವೂ ಅವನು ತುಟಿಪಿಟಕ್ಕೆನ್ನಲಿಲ್ಲ. ಅವಳ ಬಟ್ಟೆಗಳನ್ನೆಲ್ಲ ಅಂಗಡಿಗೆ ಒಯ್ದು, ಒಂದೊಂದಕ್ಕೂ ಇಸ್ತ್ರಿ ಹಾಕಿ, ಮಡಿಕೆ ಮಡಿಕೆಯ ನಡುವೆ ತೆಳು ಕಾಗದವಿಟ್ಟು, ಮದುವೆಯ ಬಟ್ಟೆಗೆ ಮಾಡುವಷ್ಟು ಮುತುವರ್ಜಿಯಿಂದ ಪೆಟ್ಟಿಗೆ ತುಂಬಿಕೊಟ್ಟ. ಅವಳು ಬಹಳ ಹೊತ್ತು ಪೆಟ್ಟಿಗೆಯನ್ನೂ ಅವನನ್ನೂ ನೋಡುತ್ತಾ ನಿಂತಿದ್ದಳು. ಒಂದು ಸುಕ್ಕೂ ಇಲ್ಲವಲ್ಲ, ಇನ್ನೇನು ನೋಡುತ್ತಿದ್ದಾಳೆ ಎಂದು ಅವನು ಅಂದುಕೊಂಡನೇ ಹೊರತು ಬೇರೇನೂ ಹೊಳೆಯಲಿಲ್ಲ.

ಮೊಲ ಬಂದ ಮೇಲೆ ಮಗಳು ಪ್ರತಿ ಭಾನುವಾರ ಬರತೊಡಗಿದಳು. ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಳು. ಬೂದು ಬಣ್ಣದ ದಪ್ಪ ಮೈ. ದಿನವಿಡೀ ಕೂತಲ್ಲೇ ಕೂತು ಮೆಲ್ಲುವುದು, ಒಂದು ಕಡ್ಡಿ ಈಚೆಯಿಂದ ಆಚೆಗಿಡುವ ಕೆಲಸ ಇಲ್ಲ, ಯಾರಾದರೂ ಮುಂದೆ ನಿಂತರೆ ಮೂಗು ಮಾತ್ರ ಅಲ್ಲಾಡಿಸುವುದು. ಹೆಸರು ಸರಿಯಾಗಿಯೇ ಇತ್ತು.

ಕಲಿಸುವ ಕೆಲಸವನ್ನು ಅಪ್ಪ ಮೈಮೇಲೆ ಎಳೆದುಕೊಂಡ. ಮಗಳು ಇಷ್ಟಪಟ್ಟು ಕೇಳಿದ ಮೊದಲ ಕೆಲಸ ಅದು. ಅಂಗಡಿಯ ಹಳೆಯ ಅಗಲವಾದ ಪ್ಲಾಸ್ಟಿಕ್ ಟ್ರೇ ತಂದು ಮೂಲೆಯಲ್ಲಿಟ್ಟು, ಪೇಪರು ಹಾಸಿ, ಸಾಹುಕಾರನನ್ನು ಎತ್ತಿ ಅದರಲ್ಲಿ ಕೂರಿಸಿದ. ಸಾಹುಕಾರ ಚಂಗನೆ ಹಾರಿ ಬೀರುವಿನ ಹಿಂದೆ ಹೋಗಿ ಬಂದ. ಮರುದಿನ ಮೇಜಿನ ಕೆಳಗೆ. ಅದರ ಮರುದಿನ ಯಾವುದೋ ಹೋಟೆಲಿನವರ ಮಡಿಸಿಟ್ಟ ಬಿಳಿ ಟವೆಲುಗಳ ಮೇಲೆ. ಒಂದೊಂದು ಸಲ, ಅಪ್ಪನ ಮೇಲಿನ ಅನುಕಂಪಕ್ಕೋ ಏನೋ, ಟ್ರೇಯಲ್ಲೂ ಹೋಗುತ್ತಿತ್ತು. ಆಗ ಲಾಂಡ್ರಿಯವನಿಗೆ ಹಿಗ್ಗೋ ಹಿಗ್ಗು. ತಕ್ಷಣ ಟ್ರೇ ಎತ್ತಿಕೊಂಡು ಹೋಗಿ ಮೊದಲು ಸೋಪು, ಆಮೇಲೆ ಕುದಿನೀರು, ಅದಾದ ಮೇಲೆ ವಿನಿಗರ್, ಕೊನೆಗೆ ಬಿಸಿಲು. ಮೂಗಿನ ಹತ್ತಿರ ಹಿಡಿದು ನೋಡಿ, ಏನೇನೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಮತ್ತೆ ಮೂಲೆಗೆ. ಅದರಲ್ಲಿ ಊಟ ಬಡಿಸಿದರೂ ಯಾರೂ ಮೂಗು ಮುರಿಯುತ್ತಿರಲಿಲ್ಲ.

ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹಿರಿಯ ಹೆಂಗಸು ಇದನ್ನೆಲ್ಲ ನೋಡಿ ನಕ್ಕೂ ನಕ್ಕೂ ಸಾಕಾಗಿದ್ದಳು. ಗಿರಾಕಿಗಳ ಕೋಟುಗಳು ಕಾಯುತ್ತಿವೆ, ಯಜಮಾನ ಮೊಲದ ಕಕ್ಕಸು ತೊಳೆಯುತ್ತಾ ಕೂತಿದ್ದಾನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹೇಳಿದ್ದೇ ಒಂದು ದಿನ ಉಪಕಾರವಾಯಿತು. ತನ್ನ ಬಿಳಿ ಕೋಟುಗಳನ್ನು ಒಯ್ಯಲು ಬಂದ ಹಲ್ಲಿನ ಡಾಕ್ಟರಮ್ಮ ಆ ಮಾತು ಕೇಳಿ ಕಿವಿ ನಿಮಿರಿಸಿದಳು. ಅವಳ ಮನೆಯಲ್ಲೂ ಎರಡು ಮೊಲಗಳಿದ್ದವಂತೆ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೀರಾ ಎಂದು ಕೇಳಿದಳು. ಅದನ್ನು ಮಗಳ ತಾಯಿ ಮೊದಲೇ ಮಾಡಿಸಿದ್ದಳು. ಟ್ರೇ ಹೇಗೆ ತೊಳೆಯುತ್ತೀರಿ ಎಂದು ಕೇಳಿದಳು. ಲಾಂಡ್ರಿಯವನು ಸೋಪಿನಿಂದ ಬಿಸಿಲಿನವರೆಗೆ ಹೆಮ್ಮೆಯಿಂದ ವರದಿ ಒಪ್ಪಿಸಿದ. ಡಾಕ್ಟರಮ್ಮ ಹಣೆ ಚಚ್ಚಿಕೊಂಡಳು.

“ಅದು ಮೂಗಲ್ಲೇ ಜಾಗ ಗುರುತು ಹಿಡಿಯೋದು ಕಣ್ರೀ. ದಿನಾ ಅದು ಗುರುತು ಹಾಕುತ್ತೆ, ದಿನಾ ನೀವು ಅಳಿಸ್ತೀರ. ಪಾಪ, ಅದಾದ್ರೂ ಏನು ಮಾಡಬೇಕು?”

ನೆಲಕ್ಕೆ ಬಿದ್ದದ್ದನ್ನು ಎಷ್ಟು ಬೇಕಾದರೂ ತೊಳೆಯಿರಿ, ಟ್ರೇಯ ತಂಟೆಗೆ ಹೋಗಬೇಡಿ ಎಂದಳು. ಕೊಳೆ ಚೆಲ್ಲುವಾಗ ಒಂದು ಹಿಡಿ ಹಿಕ್ಕೆ, ಒಂದು ತುಂಡು ಒದ್ದೆ ಪೇಪರು ಹಾಗೇ ಬಿಡಬೇಕು. ಟ್ರೇಯ ಒಂದು ತುದಿಗೆ ಒಣಹುಲ್ಲು ತುಂಬಬೇಕು, ಮೊಲಕ್ಕೆ ತಿನ್ನುವುದೂ ಹಾಕುವುದೂ ಒಟ್ಟಿಗೇ ನಡೆಯುವ ಕೆಲಸ. ಮೊದಮೊದಲು ಎರಡು ಕೋಣೆ ಬಿಡದೆ ಒಂದು ಮೂಲೆಗೆ ಬೇಲಿ ಕಟ್ಟಿ ಅಲ್ಲಿ ಮಾತ್ರ ಓಡಾಡಲು ಬಿಡಬೇಕು. ಲಾಂಡ್ರಿಯವನು ಎಲ್ಲಕ್ಕೂ ತಲೆಯಾಡಿಸಿದ. ಆದರೆ ಒಳಗೊಳಗೇ ಕಸಿವಿಸಿ. ತುಕ್ಕು, ಇಂಕು, ರಕ್ತ, ಎಣ್ಣೆ, ಯಾವ ಕಲೆಯೂ ಇತ್ತೆಂಬ ಸುಳಿವಿಲ್ಲದಂತೆ ತೆಗೆಯುವುದರಲ್ಲಿ ಜೀವ ಸವೆಸಿದವನಿಗೆ, ಸ್ವಲ್ಪ ಹೊಲಸು ಹಾಗೇ ಇರಲಿ ಎಂದು ಬಿಡುವುದು ಸುಲಭದ ಮಾತಲ್ಲ. ಮೊದಲ ದಿನ ಟ್ರೇಯ ಮುಂದೆ ಎರಡು ಸಲ ಬ್ರಷ್ ಹಿಡಿದು ಹೋಗಿ ಎರಡು ಸಲವೂ ವಾಪಸು ಬಂದ.

ಸಾಹುಕಾರ ಒಂದೇ ವಾರದಲ್ಲಿ ಕಲಿತುಬಿಟ್ಟ. ಹಸಿವಾದರೆ ಟ್ರೇಗೆ, ಒತ್ತಡವಾದರೆ ಟ್ರೇಗೆ. ಹುಲ್ಲು ಎಳೆದು ಮೆಲ್ಲುತ್ತಾ, ಕಣ್ಣು ಅರೆಮುಚ್ಚಿ, ಗಂಭೀರವಾಗಿ ಕೆಲಸ ಮುಗಿಸಿ ಇಳಿದು ಬರುತ್ತಿದ್ದ. ಬೇಲಿ ತೆಗೆದು ಎರಡೂ ಕೋಣೆ ಬಿಟ್ಟುಕೊಟ್ಟರೂ ಅಷ್ಟೆ. ಲಾಂಡ್ರಿಯವನು ಬೀರುವಿನ ಹಿಂದೆ, ಮೇಜಿನ ಕೆಳಗೆ ಬಗ್ಗಿ ಬಗ್ಗಿ ನೋಡಿದ. ಎಲ್ಲೂ ಏನೂ ಇಲ್ಲ. ಇಸ್ತ್ರಿಯವಳನ್ನು ಕರೆದು ತೋರಿಸಿ, ನೋಡಿದೆಯಾ ಅಕ್ಕಾ ಎಂದು ಮೀಸೆ ತಿರುವಿದ. ಮಗಳಿಗೆ ಫೋನು ಮಾಡಿ ಹೇಳಬೇಕೆಂದು ಕೈಗೆತ್ತಿಕೊಂಡ. ಆಗ ಹೊಳೆಯಿತು ನೋಡಿ. ಮೊಲ ಕಲಿತಿದೆ ಅಂದರೆ, ಈ ಭಾನುವಾರ ಮಗಳು ಅದನ್ನು ಎತ್ತಿಕೊಂಡು ಹೋಗುತ್ತಾಳೆ. ಫೋನನ್ನು ಮೆಲ್ಲಗೆ ಕೆಳಗಿಟ್ಟ.

ಅಷ್ಟರಲ್ಲಿ ಭಾನುವಾರಗಳ ರುಚಿ ಅವನಿಗೆ ಹತ್ತಿಬಿಟ್ಟಿತ್ತು. ಮಗಳು ಈಗ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಬಂದವಳೇ ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ ಬಿಸಾಕಿ, ನೆಲದ ಮೇಲೆ ಹೊಟ್ಟೆ ಊರಿ ಮಲಗಿ ಸಾಹುಕಾರನ ಮೂಗಿಗೆ ಮೂಗು ಕೊಡುತ್ತಿದ್ದಳು. ಮೊಲಕ್ಕೆ ಹೇಳುವ ನೆಪದಲ್ಲಿ ಶಾಲೆಯ ಕಥೆಯೆಲ್ಲ ಹೊರಬರುತ್ತಿತ್ತು. ಗಣಿತದ ಮೇಷ್ಟ್ರು ಬಯ್ದದ್ದು, ಗೆಳತಿ ಮಾತು ಬಿಟ್ಟದ್ದು, ಅಮ್ಮ ಕೆಲವು ದಿನ ಸುಮ್ಮನೆ ಕಿಟಕಿಯ ಹತ್ತಿರ ಕೂತಿರುವುದು. ಅಪ್ಪ ಕೈಯಲ್ಲಿ ಯಾರದೋ ಅಂಗಿ ಹಿಡಿದು ಗುಂಡಿ ಹೊಲಿಯುತ್ತಾ, ಕಿವಿಯನ್ನು ಅಲ್ಲೇ ನೆಟ್ಟು ಕೂರುತ್ತಿದ್ದ. ಒಂದು ಸಲ ಅವಳು ಅಲ್ಲೇ ನೆಲದ ಮೇಲೆ ನಿದ್ದೆ ಹೋದಳು. ಎಬ್ಬಿಸಿದರೆ ಹೊರಟುಬಿಟ್ಟಾಳು ಎಂದು ಅವನು ಒಗೆಯುವ ಮಿಷನ್ನನ್ನೂ ನಿಲ್ಲಿಸಿ ಬಂದು, ಕದಲದೆ ಕೂತಿದ್ದ. ವಾರದ ಉಳಿದ ದಿನಗಳನ್ನು ಆ ಒಂದು ಮಧ್ಯಾಹ್ನದ ನೆನಪಿನಲ್ಲೇ ನೂಕುವ ಹಾಗಾಗಿತ್ತು. ಬಟ್ಟೆ ತೂಗುಹಾಕುವಾಗ ಹನ್ನೊಂದರ ಹುಡುಗಿಯರ ಅಳತೆಯ ಫ್ರಾಕು ಕೈಗೆ ಸಿಕ್ಕಿದರೆ ಸುಮ್ಮನೆ ಹಿಡಿದು ನಿಂತುಬಿಡುತ್ತಿದ್ದ.

ಹಾಗಾಗಿ ಆ ಶನಿವಾರ ಮಗಳ ತಾಯಿ ಫೋನು ಮಾಡಿ, ಮೊಲ ಕಲಿಯಿತಾ ಎಂದು ಕೇಳಿದಾಗ ಅವನ ಬಾಯಿಂದ ಸುಳ್ಳು ಸಲೀಸಾಗಿ ಜಾರಿತು.

“ಇನ್ನೂ ಕಲಿತಿಲ್ಲ. ಸ್ವಲ್ಪ ಮಂದ ಅದು.”

ಟ್ರೇಯಲ್ಲಿ ಹುಲ್ಲು ಮೆಲ್ಲುತ್ತಾ ಕೂತಿದ್ದ ಸಾಹುಕಾರ ಈ ಅಪವಾದವನ್ನು ಹೊಟ್ಟೆಗೆ ಹಾಕಿಕೊಂಡ.

ಸುಳ್ಳು ಹೇಳಿದ ಮೇಲೆ ಅದಕ್ಕೆ ಸಾಕ್ಷಿ ಬೇಕಲ್ಲ. ಭಾನುವಾರ ಬೆಳಗ್ಗೆ ಲಾಂಡ್ರಿಯವನು ಒಂದು ಹಳೆಯ ಚಮಚ ತೆಗೆದುಕೊಂಡು, ಟ್ರೇಯಿಂದ ಹಿಕ್ಕೆ ಬಗೆದು, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ನೆಲದ ಮೇಲೆ ಉದುರಿಸಿದ. ಮೆಣಸಿನ ಕಾಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಯಾರ ಅಂಗಿಯ ಮೇಲೆ ಸಾಸಿವೆಯಷ್ಟು ಕಲೆ ಉಳಿದರೂ ರಾತ್ರಿ ನಿದ್ದೆ ಬಾರದ ಮನುಷ್ಯ, ತನ್ನ ಕೈಯಾರೆ ಒರೆಸಿದ ನೆಲವನ್ನು ತನ್ನ ಕೈಯಾರೆ ಹೊಲಸು ಮಾಡುತ್ತಿದ್ದ. ನಾಚಿಕೆಯಾಯಿತು, ಹೌದು. ಆದರೆ ಮಗಳ ಚಪ್ಪಲಿಯ ಸದ್ದು ಕೇಳಿಸಿದ್ದೇ ನಾಚಿಕೆ ಹೇಳಹೆಸರಿಲ್ಲದಂತೆ ಹೋಯಿತು.

ಮಗಳು ನೆಲ ನೋಡಿದಳು, ಸಾಹುಕಾರನನ್ನು ನೋಡಿದಳು, ಪೊರಕೆ ತಂದು ಗುಡಿಸಿದಳು. ಮುಂದಿನ ಭಾನುವಾರವೂ ಹಾಗೇ, ಅದರ ಮುಂದಿನದೂ ಹಾಗೇ. ಲಾಂಡ್ರಿಯವನು ಕೆಲಸದಲ್ಲಿ ಪಳಗಿದ. ಎಲ್ಲೆಲ್ಲಿ ಎಷ್ಟೆಷ್ಟು ಉದುರಿಸಿದರೆ ನಿಜದಂತೆ ಕಾಣುತ್ತದೆ ಎಂದು ಬಾಗಿಲಲ್ಲಿ ನಿಂತು ತಲೆ ಓರೆಮಾಡಿ ನೋಡುವಷ್ಟು ಮುಂದುವರಿದ. ಶನಿವಾರ ಶನಿವಾರ ಮಗಳ ತಾಯಿಯ ಫೋನು ಬರುತ್ತಿತ್ತು, ಇವನ ಉತ್ತರವೂ ತಯಾರಿರುತ್ತಿತ್ತು. ಒಮ್ಮೆ ಅವಳು, ಇಷ್ಟು ದಿನವಾದರೂ ಕಲಿಯದಿದ್ದರೆ ಬೇರೆ ಯಾರಿಗಾದರೂ ಕೊಟ್ಟುಬಿಡೋಣವಾ ಎಂದಳು. ಸ್ವಲ್ಪ ಸ್ವಲ್ಪ ಕಲಿಯುತ್ತಿದೆ, ಅವಸರ ಬೇಡ ಎಂದು ಹೇಗೋ ಸಂಭಾಳಿಸಿದ. ಸುಳ್ಳಿಗೂ ಹದ ಇಟ್ಟುಕೊಳ್ಳಬೇಕಾಗಿ ಬಂತು.

ತಾಯಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಂದು ಭಾನುವಾರ ಯಾರೋ ರಜೆ ಹಾಕಿದರೆಂದು ಅವಳನ್ನು ಬೆಳಬೆಳಗ್ಗೆಯೇ ಕರೆಸಿಕೊಂಡರು. ಅವಳು ಮಗಳನ್ನು ಅಂಗಡಿಯ ಮುಂದೆ ಇಳಿಸಿ ಹೊರಟುಹೋದಳು. ಅಂಗಡಿಗೆ ರಜೆ, ಪಕ್ಕದ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮಗಳು ತಳ್ಳಿಕೊಂಡು ಒಳಗೆ ಬಂದಾಗ ಅಪ್ಪ ಕಿಟಕಿಯ ಕೆಳಗೆ ಮಂಡಿಯೂರಿ ಕೂತಿದ್ದ, ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಚಮಚ. ಸಾಹುಕಾರ ಪಕ್ಕದಲ್ಲೇ ಕೂತು, ತನ್ನ ಸೊತ್ತು ಹೀಗೆ ಹಂಚಿಹೋಗುವುದನ್ನು ನೋಡುತ್ತಿದ್ದ.

ಮೊಲಕ್ಕೆ ಔಷಧಿ ಎನ್ನೋಣವೆಂದರೆ ಚಮಚದಲ್ಲಿರುವುದು ಔಷಧಿಯಲ್ಲ. ಲಾಂಡ್ರಿಯವನು ಏಳುವುದೋ ಕೂರುವುದೋ ತಿಳಿಯದೆ ಹಾಗೇ ಇದ್ದ. ಮಗಳು ಚೀಲ ಇಳಿಸಿ ಹತ್ತಿರ ಬಂದಳು.

“ಅಲ್ಲಿ ಹಾಕ್ಬೇಡ ಅಪ್ಪಾ. ಕಿಟಕಿ ಕೆಳಗೆ ಗಾಳಿ ಬರುತ್ತೆ, ಅದು ಅಲ್ಲಿಗೆ ಹೋಗೋದೇ ಇಲ್ಲ.”

ಅವನು ಬಟ್ಟಲನ್ನು ಕೆಳಗಿಟ್ಟ. ಗೊತ್ತಿತ್ತಾ ಎಂದು ಕೇಳಿದ್ದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಮಗಳು ಹೌದೆಂದು ತಲೆಯಾಡಿಸಿದಳು. ನೆಲದಲ್ಲಿ ಬರೀ ಹಿಕ್ಕೆ ಇರುತ್ತಿತ್ತಂತೆ, ಉಚ್ಚೆ ಒಂದು ದಿನವೂ ಇರುತ್ತಿರಲಿಲ್ಲವಂತೆ. ಏನೂ ಕಲಿಯದ ಮೊಲ ಉಚ್ಚೆಯನ್ನು ಮಾತ್ರ ತಪ್ಪದೆ ಟ್ರೇಯಲ್ಲಿ ಮಾಡುತ್ತದೆಯೇ? ಸಾಲದ್ದಕ್ಕೆ ಹಿಕ್ಕೆಗಳೆಲ್ಲ ಒಣಗಿ ಹಗುರವಾಗಿ, ಹುಲ್ಲಿನ ಚೂರು ಅಂಟಿಕೊಂಡಿರುತ್ತಿದ್ದವು. ಮೊದಲನೆಯ ವಾರವೇ ತಿಳಿದುಹೋಗಿತ್ತು ಎಂದಳು. ಬೈಗುಳದ ದನಿಯಲ್ಲ, ಲೆಕ್ಕ ತಿದ್ದಿ ಕೊಡುವವರ ದನಿ.

“ಮತ್ತೆ ಅಮ್ಮಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇದನ್ನ ತಗೊಂಡು ಹೋಗ್ಬೇಕಲ್ಲ. ಆಮೇಲೆ ಇಲ್ಲಿಗೆ ಬರೋಕೆ ಏನಂತ ಹೇಳ್ಲಿ?”

ಇದು ನಿನ್ನದೇ ಮನೆಯಲ್ಲವಾ, ಬರಲಿಕ್ಕೆ ಏನಾದರೂ ಹೇಳಬೇಕಾ ಎಂದು ಅವನು ತೊದಲಿದ. ಮಗಳು ಸಾಹುಕಾರನನ್ನು ಮಡಿಲಿಗೆ ಎಳೆದುಕೊಂಡು, ಅದರ ಕಿವಿಗಳನ್ನು ಹಿಂದಕ್ಕೆ ಸವರುತ್ತಾ ಕೂತಳು. ಆಮೇಲೆ ಅದರ ಬೆನ್ನಿಗೇ ಹೇಳಿದಳು.

“ನೀನು ಒಂದು ದಿನಾನೂ ಬಾ ಅಂದಿಲ್ಲ ಅಪ್ಪಾ. ಅಮ್ಮ ಕಳಿಸಿದ್ರೆ ಬರ್ತೀನಿ, ಹೊತ್ತಾದ್ರೆ ಹೋಗ್ತೀನಿ. ನೀನು ಹೋಗ್ಬೇಡ ಅಂತಾನೂ ಅನ್ನಲ್ಲ.”

ಲಾಂಡ್ರಿಯವನಿಗೆ ಅತ್ತುಬಿಡಬೇಕೆನಿಸಿತು. ಪ್ರತಿ ದಿನ, ಅಂಗಡಿಯ ಬಾಗಿಲು ಹಾಕುವಾಗ, ಅವಳನ್ನು ಕರೆಯಬೇಕೆಂದು ಫೋನು ಹಿಡಿದು ಕೂರುತ್ತಿದ್ದ. ಓದುತ್ತಿರುತ್ತಾಳೆ, ತೊಂದರೆ ಕೊಡಬಾರದು; ತಾಯಿಗೆ ಬೇಸರವಾದೀತು; ಕರೆದು, ಅವಳು ಬರಲ್ಲ ಅಂದುಬಿಟ್ಟರೆ? ಹೀಗೆ ದಿನಕ್ಕೊಂದು ಕಾರಣ ಹೊಂದಿಸಿಕೊಂಡು ಫೋನು ಜೇಬಿಗೆ ಸೇರುತ್ತಿತ್ತು. ಕರೆಯದೇ ಇರುವುದು ತಾನು ಮಗಳಿಗೆ ಮಾಡುತ್ತಿರುವ ಉಪಕಾರ ಎಂದೇ ತಿಳಿದಿದ್ದ. ಅತ್ತ ಅವಳು, ಅಪ್ಪನಿಗೆ ತಾನು ಬೇಕಾಗಿಲ್ಲ ಎಂದುಕೊಂಡು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇದನ್ನೆಲ್ಲ ಅವಳಿಗೆ ಹೇಳಬೇಕಿತ್ತು. ಎದ್ದು ಹೋಗಿ ಕೈ ತೊಳೆದುಕೊಂಡ, ಬೇಕಾದ್ದಕ್ಕಿಂತ ಬಹಳ ಹೊತ್ತು.

ವಾಪಸು ಬಂದು ಅವನು ಮಾಡಿದ ಮೊದಲ ಕೆಲಸ, ಮಗಳ ಎದುರಿಗೇ ಅವಳ ತಾಯಿಗೆ ಫೋನು ಮಾಡಿದ್ದು. ಮೊಲ ಕಲಿತು ಬಹಳ ದಿನವಾಯಿತು, ನಾನೇ ಸುಳ್ಳು ಹೇಳಿದೆ, ಸಂಜೆ ಬಂದಾಗ ಅದನ್ನು ಎತ್ತಿಕೊಂಡು ಹೋಗು ಎಂದ. ಯಾಕೆ ಸುಳ್ಳು ಹೇಳಿದೆ ಎಂದು ಅವಳು ಕೇಳಲಿಲ್ಲ. ಸರಿ, ಸಂಜೆ ಬರ್ತೀನಿ ಎಂದಷ್ಟೇ ಹೇಳಿ ಇಟ್ಟಳು.

ಆ ದಿನ ಮಗಳು ಹೆಚ್ಚು ಮಾತಾಡಲಿಲ್ಲ. ಸಿಟ್ಟು ಬಂದಿದೆಯೋ ಎಂದು ಅವನು ಆಗಾಗ ಓರೆಗಣ್ಣಿನಿಂದ ನೋಡಿದ. ಸಿಟ್ಟಿರಲಿಲ್ಲ. ಸಾಹುಕಾರ ಸಿಗುತ್ತಾನೆ ಎಂಬ ಸಂತೋಷ ಮುಖದಲ್ಲಿ ಮೂಡಿ, ಕೋಣೆಯ ಸುತ್ತ ಕಣ್ಣಾಡಿಸಿದಾಗ ಆರಿಹೋಗುತ್ತಿತ್ತು. ಇಬ್ಬರೂ ಸೇರಿ ಹುಲ್ಲಿನ ಕಟ್ಟು, ನೀರಿನ ಬಟ್ಟಲು, ಅದು ಕಚ್ಚಿ ಕಚ್ಚಿ ಅಂಚು ಹಾಳುಮಾಡಿದ ರಟ್ಟಿನ ಡಬ್ಬಿ ಎಲ್ಲವನ್ನೂ ಕಟ್ಟಿಟ್ಟರು. ಹೊತ್ತು ಇಳಿಯುತ್ತಾ ಬಂದಂತೆ ಲಾಂಡ್ರಿಯವನು ಆ ಕೋಣೆಯಿಂದ ಈ ಕೋಣೆಗೆ ಸುಮ್ಮನೆ ತಿರುಗಾಡಿದ. ಗೋಡೆಯ ಗಡಿಯಾರ ನೋಡುವುದು, ಬೇಡವೆಂದು ಮುಖ ತಿರುಗಿಸುವುದು, ಮತ್ತೆ ನೋಡುವುದು.

ಸಂಜೆ ಕಾರು ಬಂದು ನಿಂತಿತು. ಮಗಳ ತಾಯಿ ಒಳಗೆ ಬಂದು ಟ್ರೇಯನ್ನು ನೋಡಿ, ಇದನ್ನು ತೊಳೆದು ಕೊಡಬಾರದಿತ್ತಾ ಎಂದಳು. ತೊಳೆಯಬೇಡ, ಪೂರ್ತಿ ಯಾವತ್ತೂ ತೊಳೆಯಬೇಡ, ಗುರುತು ಹೋದರೆ ಜಾಗ ತಪ್ಪುತ್ತದೆ ಎಂದು ಅವನು ವಿವರಿಸಿದ. ಅವಳು ಹುಬ್ಬೇರಿಸಿದಳು. ಈ ಬಾಯಿಂದ ಇಂಥ ಮಾತು ಬರುವುದನ್ನು ಅವಳು ಕೇಳಿದ್ದು ಇದೇ ಮೊದಲು. ಟ್ರೇಗೆ ಒಂದು ಹಳೆ ಬಟ್ಟೆ ಮುಚ್ಚಿ ಅವನೇ ಹೊತ್ತುಕೊಂಡು ಹೋಗಿ ಕಾರಿನ ಹಿಂದುಗಡೆ ಇಟ್ಟ. ಮಗಳು ಸಾಹುಕಾರನ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ತಾಯಿ ಆ ಕಡೆಯಿಂದ ಹತ್ತಿ ಬೆಲ್ಟು ಹಾಕಿಕೊಂಡಳು.

ಲಾಂಡ್ರಿಯವನು ಮಗಳ ಕಡೆಯ ಕಿಟಕಿಯ ಹತ್ತಿರ ನಿಂತ. ಸಾಹುಕಾರನಿಗೆ ಹುಲ್ಲು ಹೆಚ್ಚು ಹಾಕು ಎಂದ. ಹೂಂ ಅಂದಳು. ಗಾಳಿ ಜಾಸ್ತಿ ಇರುವ ಕಡೆ ಇಡಬೇಡ ಎಂದ. ಅದೂ ಅವಳೇ ಹೇಳಿಕೊಟ್ಟದ್ದು. ಕಾರಿನ ಎಂಜಿನ್ನು ಶುರುವಾಯಿತು.

“ನಿನ್ನ ಸ್ಕೂಲಿನ ಕೋಟು ತಗೊಂಡು ಬಾ, ಇಸ್ತ್ರಿ ಮಾಡಿಕೊಡ್ತೀನಿ,” ಎಂದ.

“ಅದನ್ನ ಅಮ್ಮ ಮನೇಲೇ ಮಾಡ್ತಾಳೆ.”

“ಏನಾದ್ರೂ ಕಲೆ ಆಗಿರೋ ಬಟ್ಟೆ ಇದ್ರೆ…”

“ಯಾವುದೂ ಇಲ್ಲ ಅಪ್ಪಾ.”

ಅವನು ಕಿಟಕಿಯ ಅಂಚು ಬಿಡಲಿಲ್ಲ. ಇನ್ನೇನು ನೆಪ ಹೇಳುವುದೆಂದು ತಡಕಾಡಿದ, ಒಂದೂ ಕೈಗೆ ಸಿಗಲಿಲ್ಲ. ಇಷ್ಟು ವಯಸ್ಸಾಯಿತು, ಒಂದು ಮಾತಿಗೆ ಇಷ್ಟು ಬೆವರುವುದೇ ಎಂದು ತನ್ನ ಮೇಲೆಯೇ ರೇಗಿತು.

“ಸುಮ್ನೆ ಬಾ,” ಅಂದ. ದನಿ ಒಡೆಯಿತು, ಅದನ್ನು ಸರಿಮಾಡಿಕೊಳ್ಳಲಿಕ್ಕೂ ಹೋಗಲಿಲ್ಲ. “ಏನೂ ಕೆಲ್ಸ ಇಲ್ದಿದ್ರೂ ಬಾ ಮರಿ. ನೀನಿಲ್ದೆ ನಂಗೆ ಆಗಲ್ಲ.”

ಗೇರಿನ ಮೇಲಿದ್ದ ತಾಯಿಯ ಕೈ ಹಾಗೇ ನಿಂತಿತು. ಅವಳು ಇತ್ತ ತಿರುಗಲಿಲ್ಲ, ಎದುರಿನ ಗಾಜನ್ನೇ ನೋಡುತ್ತಿದ್ದಳು. ಹೊರಡುವ ಅವಸರವನ್ನೂ ತೋರಿಸಲಿಲ್ಲ.

ಮಗಳು ಪಂಜರದ ಮೇಲೆ ಗಲ್ಲವಿಟ್ಟು ಅಪ್ಪನ ಮುಖವನ್ನು ಚೆನ್ನಾಗಿ ನೋಡಿದಳು.

“ಎಷ್ಟು ಗಂಟೆಗೆ ಬರ್ಲಿ?” ಎಂದು ಕೇಳಿದಳು.

“ಎದ್ದ ತಕ್ಷಣ ಬಾ,” ಅಂದ.